ಏನ್ ಕೆಲಸ ಇತ್ರಿ?

ಹೋದ ಜುಲೈ ತಿಂಗಳಲ್ಲಿ ನನ್ನ ಹತ್ತಿರ ಒಂದು ರಜೆ ಉಳಿದಿತ್ತು. ಒಂದು ಭಾನುವಾರ ಆಫೀಸಿಗೆ ಕರೆಸಿಕೊಂಡಿದ್ದಕ್ಕೆ ಬದಲಿಯಾಗಿ ಕೊಟ್ಟ ರಜೆ. ತಿಂಗಳೊಳಗೆ ತಗೊಳ್ಳದಿದ್ದರೆ ಅದು ಹೋದ ಹಾಗೇ. ನಮ್ಮನೆಯವರು ಪುಣೆಗೆ ಹೋಗಿದ್ದರು, ಮಗ ಬೆಂಗಳೂರಿನ ಹಾಸ್ಟೆಲ್ಲಿನಲ್ಲಿದ್ದಾನೆ. ಮದುವೆ, ಮುಂಜಿವೆ, ಆಸ್ಪತ್ರೆ ಯಾವುದೂ ಇರಲಿಲ್ಲ. ಗುರುವಾರ ಬೆಳಿಗ್ಗೆ ಚಹಾ ಕುಡಿಯುತ್ತಾ ಅನ್ನಿಸಿತು: ಇವತ್ತು ಹುಬ್ಬಳ್ಳಿ-ಧಾರವಾಡ ಎರಡನ್ನೂ ಸುಮ್ನೆ ತಿರುಗಿ ಬರೋಣ. ನಲವತ್ತೆಂಟು ವರ್ಷದಿಂದ ಇಲ್ಲೇ ಇದ್ದೇನೆ. ಮೈಸೂರಿಗೆ ಹೋದಾಗ ಅರಮನೆಯಿಂದ ಝೂವರೆಗೆ ಕಾಲೆಳೆದುಕೊಂಡು ತಿರುಗಿದ್ದೇನೆ. ದಿಲ್ಲಿಯ ಬಿಸಿಲಲ್ಲಿ ಮ್ಯೂಸಿಯಂ ಸಾಲಿನಲ್ಲಿ ನಿಂತಿದ್ದೇನೆ. ನನ್ನ ಊರಲ್ಲಿ ಮಾತ್ರ ಒಂದು ದಿನವೂ ಹಾಗೆ ತಿರುಗಿಲ್ಲ.

ಗೇಟು ದಾಟುವ ಮೊದಲೇ ಕೆಳಗಿನ ಮನೆಯವರು ಕೇಳಿದರು. "ಇವತ್ತ ರಜಾ ಹಾಕೀರೇನ್ರಿ? ಏನ್ ಕೆಲಸ ಇತ್ತು?" ನಾನು ತಡಮಾಡದೆ, "ಬ್ಯಾಂಕಿಗೆ ಹೋಗೂದಿತ್ರಿ" ಅಂದೆ. ಬ್ಯಾಂಕಿನಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಬಸ್ ಸ್ಟಾಪಿನವರೆಗೆ ಅದೇ ತಲೆಯಲ್ಲಿ ಕೊರೆಯಿತು. ಯಾಕೆ ಸುಳ್ಳು ಹೇಳಿದೆ? ಸುಮ್ನೆ ತಿರುಗಾಕ ಹೊಂಟೇನಿ ಅಂದಿದ್ದರೆ ಏನಾಗುತ್ತಿತ್ತು? ಅವತ್ತು ಸಂಜೆಯೊಳಗೆ ಏಳು ಕಡೆ ಇದೇ ಪ್ರಶ್ನೆ ಬಂತು. ಅದರಲ್ಲಿ ಒಂದನ್ನು ಕೇಳಿದ್ದು ಮನುಷ್ಯರಲ್ಲ, ಒಂದು ರಿಜಿಸ್ಟರ್. ನಾನು ನಿಜ ಹೇಳಿದ್ದು ಒಂದೇ ಕಡೆ. ಅಲ್ಲಿಯೂ ಗೆಲ್ಲಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮ ಕಡೆ ಹುಡುಗ "ತಿರುಗಾಕ ಹೋಗ್ಯಾನ" ಅಂದರೆ ಅವನು ಮನೆಯಲ್ಲಿಲ್ಲ ಅಂತಷ್ಟೇ ಅರ್ಥ. ಹುಡುಗಿ "ತಿರಗತಾಳ" ಅಂದರೆ ಮಾತೇ ಬೇರೆ. ಅದೇ ಕ್ರಿಯಾಪದ, ಅದೇ ರಸ್ತೆ. ಚಿಕ್ಕವಳಿದ್ದಾಗ ಅವ್ವ ಈ ಶಬ್ದವನ್ನು ನನ್ನ ಹತ್ತಿರವೂ ಸುಳಿಯಲು ಬಿಡುತ್ತಿರಲಿಲ್ಲ. ತಾನು ಹೊರಗೆ ಹೋಗಬೇಕಾದರೆ "ಆರೂಢರ ಮಠಕ್ಕ ಹೋಗಿ ಬರ್ತೀನಿ" ಅನ್ನುತ್ತಿದ್ದಳು. ಮಠಕ್ಕೆ ಹೋಗುತ್ತಿದ್ದದ್ದೂ ನಿಜ. ಆದರೆ ಮಠದಿಂದ ಮನೆಗೆ ಬರುವ ದಾರಿ ಒಂದೊಂದು ವಾರ ಒಂದೊಂದು ಕಡೆಯಿಂದ ಸುತ್ತಿ ಬರುತ್ತಿತ್ತು.

ಕೊಡೆ ಮತ್ತು ಶುಗರ್

ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋದೆ. ಬೆಂಗಳೂರಿನ ಗೆಳತಿಗೆ ಒಮ್ಮೆ "ಚಿಗರಿ ಹತ್ತಿ ಬರ್ತೀನಿ" ಅಂದಾಗ ಅವಳು ಬಿದ್ದು ಬಿದ್ದು ನಕ್ಕಿದ್ದಳು. ಜಿಂಕೆ ಹತ್ತಿ ಬರುವವಳು ಇವಳೊಬ್ಬಳೇ ಅಂತ. ಹುಬ್ಬಳ್ಳಿಯಲ್ಲಿ ಬರೀ ಮೋಡವಿತ್ತು. ನವಲೂರು ದಾಟಿದ ಮೇಲೆ ಕಿಟಕಿಗೆ ಹನಿ ಬಿತ್ತು. ಜುಬಿಲಿ ಸರ್ಕಲ್‌ನಲ್ಲಿ ಇಳಿಯುವ ಹೊತ್ತಿಗೆ ಕೊಡೆ ಬಿಚ್ಚಬೇಕಾಯಿತು. ಇಪ್ಪತ್ತು ಕಿಲೋಮೀಟರ್ ಅಂತರದಲ್ಲಿ ಮಳೆ ಇಷ್ಟು ಬೇರೆಯಾಗುವುದು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. 1962ರಲ್ಲಿ ಎರಡೂ ಊರು ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರು. ಮಳೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟವಿದೆ. 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ ಪ್ರಕಾಶನ. ಕನ್ನಡದ ದೊಡ್ಡ ದೊಡ್ಡ ಲೇಖಕರೆಲ್ಲ ಅಲ್ಲಿ ಕೂತು ಹರಟಿದ್ದಾರೆ. ಕಾಲೇಜು ದಿನಗಳಿಂದ ಆ ಮೆಟ್ಟಿಲ ಮುಂದೆ ಹಾದು ಹೋಗುತ್ತಿದ್ದೇನೆ, ಒಮ್ಮೆಯೂ ಹತ್ತಿಲ್ಲ. ಅವತ್ತು ಮೆಟ್ಟಿಲ ಬುಡದಲ್ಲಿ ಕೊಡೆ ಮಡಚಿ ನಿಂತೆ. ಮೇಲೆ ಹೋಗಿ ಏನು ಹೇಳುವುದು? ಯಾವ ಪುಸ್ತಕ ಬೇಕು ಅಂತ ಕೇಳಿದರೆ? ಒಂದು ಹೆಸರು ತಯಾರು ಮಾಡಿಕೊಳ್ಳೋಣ ಅಂದುಕೊಳ್ಳುವಷ್ಟರಲ್ಲಿ ಪರಿಚಯದ ಒಬ್ಬರು ಸ್ಕೂಟರ್ ನಿಲ್ಲಿಸಿದರು. "ಯಾಕ್ರಿ, ಮಳ್ಯಾಗ ನಡಕೋತ ಹೊಂಟೀರಿ? ಎಲ್ಲಿ ಬಿಡ್ಲಿ?" ಟೇಲರ್ ಹತ್ತಿರ ಹೋಗೂದಿತ್ತು, ಇಲ್ಲೇ ಐತ್ರಿ ಅಂದೆ. ಅವರು ಹೋಗುವವರೆಗೆ ಇಲ್ಲದ ಟೇಲರ್ ಅಂಗಡಿಯ ಕಡೆ ಹತ್ತು ಹೆಜ್ಜೆ ನಡೆದೆ. ಅಟ್ಟ ಹಾಗೇ ಉಳಿಯಿತು.

ಲೈನ್ ಬಜಾರಿನಲ್ಲಿ ಫೇಡೆಗೆ ನಿಂತೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಸಾಲಿನಲ್ಲಿ ನಿಂತವರಿಗೆಲ್ಲ ಒಂದೇ ಕೆಲಸ. ಫೇಡೆಯ ಠಾಕೂರ್ ಮನೆತನ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದದ್ದು. ಈಗ ಅದಕ್ಕಿಂತ ಹೆಚ್ಚು ಧಾರವಾಡದ್ದು ಅನ್ನಿಸುವ ತಿನಿಸು ಇನ್ನೊಂದಿಲ್ಲ. ಕಾಲು ಕಿಲೋ ತಗೊಂಡು ಬ್ಯಾಗಿಗೆ ಹಾಕಿದೆ. ಸಾಧನಕೇರಿ ಮುಟ್ಟುವಷ್ಟರಲ್ಲಿ ಅದರಲ್ಲಿ ನಾಲ್ಕು ಕಡಿಮೆಯಾಗಿದ್ದವು.

ಸಾಧನಕೇರಿಯ ಕೆರೆ ಮಳೆಗೆ ತುಂಬಿತ್ತು. ಉದ್ಯಾನದಲ್ಲಿ ಜನ ಕಡಿಮೆ. ಹಸಿ ಮಣ್ಣಿನ ವಾಸನೆ, ಮರದಿಂದ ಆಗಾಗ ಕೊಡೆಯ ಮೇಲೆ ದೊಡ್ಡ ಹನಿ. ಎರಡು ಸುತ್ತು ಹಾಕಿದೆ. ಮೂರನೆಯ ಸುತ್ತಿಗೆ ಒಬ್ಬ ಅಜ್ಜ ಜೊತೆಯಾದರು. ಮಂಕಿ ಕ್ಯಾಪ್, ಕ್ಯಾನ್ವಾಸ್ ಬೂಟು. ಸ್ವಲ್ಪ ದೂರ ಸುಮ್ಮನೆ ನಡೆದು, "ಹೊಸಬ್ರ ಕಾಣ್ತೀರಿ. ಎಷ್ಟೈತಿ?" ಅಂದರು. ನನಗೆ ತಿಳಿಯಲಿಲ್ಲ. "ಶುಗರ್ ರೀ, ಶುಗರ್ ಎಷ್ಟೈತಿ?" ನನಗೆ ಶುಗರ್ ಇಲ್ಲ. ಆದರೆ ಅವರ ಮುಖದಲ್ಲಿದ್ದ ಆತ್ಮೀಯತೆ ನೋಡಿ ಇಲ್ಲ ಅನ್ನಲು ಮನಸ್ಸಾಗಲಿಲ್ಲ. "ನೂರಾ ಅರವತ್ತರಿ" ಅಂದೆ. "ಏನೂ ಹೆದರಬ್ಯಾಡ್ರಿ. ಮೆಂತೆ ನೆನಸಿ ತಿನ್ರಿ, ನಾಲ್ಕು ಸುತ್ತ ಹಾಕ್ರಿ, ಇಳಿತೈತಿ" ಅಂದು ಧೈರ್ಯ ಹೇಳಿ ಮುಂದೆ ಹೋದರು. ಬ್ಯಾಗಿನಲ್ಲಿದ್ದ ಫೇಡೆಯ ಡಬ್ಬಿಯನ್ನು ಇನ್ನೂ ಒಳಗೆ ತಳ್ಳಿದೆ.

ಪಕ್ಕದಲ್ಲೇ ಬೇಂದ್ರೆಯವರ ಮನೆ, ಶ್ರೀಮಾತಾ. ಅದರ ಹತ್ತಿರ ಬೇಂದ್ರೆ ಭವನ. ಬೇಂದ್ರೆ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಕೋಟು, ಟೊಪ್ಪಿಗೆ, ಕೈಯಲ್ಲಿ ಕೊಡೆ. ಅವರೂ ಅವರ ಗೆಳೆಯರ ಗುಂಪಿನವರೂ ಈ ಊರಿನ ಗುಡ್ಡ, ಕೆರೆ ಎಲ್ಲ ತಿರುಗಿದವರು. ಆ ತಿರುಗಾಟದಿಂದ ಎಷ್ಟು ಕವಿತೆ ಬಂತು ಅಂತ ಎಲ್ಲರಿಗೂ ಗೊತ್ತು. ಆದರೆ ಅವರು ತಿರುಗಲು ಹೋದಾಗ ಮನೆಯಲ್ಲಿ ಯಾರು ರೊಟ್ಟಿ ಬಡಿಯುತ್ತಿದ್ದರು, ಆ ಹೆಂಗಸರು ಕೊನೆಗೆ ಯಾವಾಗ ಕೆರೆಯ ಕಡೆ ಸುಮ್ನೆ ಹೋಗಿದ್ದರು ಅಂತ ಯೋಚನೆ ಬಂತು. ಇದು ಬೇಂದ್ರೆಯವರ ಮೇಲಿನ ದೂರಲ್ಲ. ಕೊಡೆ ಹಿಡಿದು ಅದೇ ದಾರಿಯಲ್ಲಿ ನಡೆಯುವಾಗ ಬಂದ ಹೊಟ್ಟೆಕಿಚ್ಚು.

ಉದ್ದೇಶದ ಕಾಲಂ

ಅಲ್ಲಿಂದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಆಟೋದಲ್ಲಿ ಹೋದೆ. ಹೌದು, ನಡೆದೇ ತಿರುಗುತ್ತೇನೆ ಅಂತ ಹೊರಟವಳು. ಚಪ್ಪಲಿ ಒದ್ದೆಯಾಗಿತ್ತು, ಅಷ್ಟೇ.

ಕನ್ನಡ ಸಂಶೋಧನಾ ಸಂಸ್ಥೆ 1939ರದ್ದು. ನಾವು ಮುಂಬಯಿ ಸರಕಾರದ ಕೆಳಗಿದ್ದ ಕಾಲದ್ದು, ವಿಶ್ವವಿದ್ಯಾಲಯಕ್ಕಿಂತ ವಯಸ್ಸಿನಲ್ಲಿ ಹಿರಿದು. ಅಲ್ಲಿನ ವಸ್ತುಸಂಗ್ರಹಾಲಯದ ಬಾಗಿಲಲ್ಲಿ ರಿಜಿಸ್ಟರ್ ಇತ್ತು. ಹೆಸರು, ಊರು, ಆಮೇಲೆ "ಉದ್ದೇಶ". ನನ್ನ ಮೇಲೆ ಬರೆದವರೆಲ್ಲ "ಸಂಶೋಧನೆ", "ಅಧ್ಯಯನ" ಅಂತ ಬರೆದಿದ್ದರು. ಪೆನ್ನು ಹಿಡಿದು ಬಹಳ ಹೊತ್ತು ನಿಂತೆ. "ಸುಮ್ನೆ" ಅಂತ ಬರೆಯುವ ಆಸೆಯಾಯಿತು. ಬರೆದದ್ದು "ವೀಕ್ಷಣೆ". ಜೀವನದಲ್ಲಿ ಯಾವತ್ತೂ ಬಾಯಲ್ಲಿ ಆಡದ ಶಬ್ದ.

ಒಳಗೆ ವೀರಗಲ್ಲುಗಳು. ಓದುವ ಕ್ರಮ ಗೊತ್ತಿರುವವರಿಗೆ ಇವು ಚಿತ್ರಕಥೆಯ ಹಾಗೆ. ಕೆಳಗಿನ ಪಟ್ಟಿಯಲ್ಲಿ ಜಗಳ, ಬಿಲ್ಲು, ಕುದುರೆ, ಎಷ್ಟೋ ಸಲ ಕದ್ದೊಯ್ಯುವ ಆಕಳು. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರ. ಹೆಂಗಸಿಗಾದರೆ ಮಾಸ್ತಿಕಲ್ಲು. ಕಂಬದಿಂದ ಚಾಚಿದ ಒಂದು ತೋಳು, ಕೈತುಂಬ ಬಳೆ. ಗಂಡನ ಹಿಂದೆ ಚಿತೆ ಏರಿದ್ದಕ್ಕೆ ಆ ಕಲ್ಲು. ಅವ್ವನ ತವರಿನ ಹಳ್ಳಿಯ ಹನುಮಪ್ಪನ ಗುಡಿಯ ಹಿಂದೆ ಅಂಥದ್ದೊಂದಿತ್ತು. ಹುಡುಗಿಯರು ಅದಕ್ಕೆ ಬೆನ್ನು ಕೊಟ್ಟು ಕೂತು ಹುಣಸೆಹಣ್ಣು ತಿನ್ನುತ್ತಿದ್ದೆವು. ದನ ಬಿಡಿಸಲು ಹೋಗಿ ಸತ್ತವನಿಗೆ ಕಲ್ಲು, ಗಂಡನ ಜೊತೆ ಸತ್ತವಳಿಗೆ ಕಲ್ಲು. ಒಂದು ಮಧ್ಯಾಹ್ನ ಕೆರೆ ನೋಡಿ ಬರುತ್ತೇನೆ ಅಂತ ಹೋಗಿ ಬಂದವಳಿಗೆ ಯಾರೂ ಕಲ್ಲು ನಿಲ್ಲಿಸಿಲ್ಲ. ಹತ್ತು ಶತಮಾನದ ಹಿಂದೆಯೂ ರಿಜಿಸ್ಟರಿನ ಕಾಲಂ ಅದೇ ಇತ್ತು ಅನ್ನಿ.

ಪ್ಲಾಟ್‌ಫಾರ್ಮ್ ಟಿಕೆಟ್

ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ ಉಂಡು ಹುಬ್ಬಳ್ಳಿಗೆ ಮರಳಿದೆ. ಊಟದ ಬಗ್ಗೆ ಬರೆಯಲು ಹೋದರೆ ಈ ಬರಹ ಅಲ್ಲೇ ನಿಂತುಬಿಡುತ್ತದೆ. ಮುಂದೆ ಹೋಗೋಣ.

ಗದಗ ರಸ್ತೆಯಲ್ಲಿರುವ ರೈಲ್ವೆ ಮ್ಯೂಸಿಯಂ 2020ರಲ್ಲಿ ತೆರೆದದ್ದು. ನನಗೆ ಅದು ಮ್ಯೂಸಿಯಂ ಅನ್ನುವುದಕ್ಕಿಂತ ನಮ್ಮ ಮನೆಯ ಅಟ್ಟದಂತೆ ಕಂಡಿತು. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಇಲ್ಲಿ ವರ್ಕ್‌ಶಾಪ್ ಕಟ್ಟಿದ ಮೇಲೆ ಹುಬ್ಬಳ್ಳಿಯ ಅರ್ಧ ಮನೆಗಳ ಗಡಿಯಾರ ಅದರ ಭೋಂಗಾ ಆಗಿತ್ತು. ಭೋಂಗಾ ಕೂಗಿದರೆ ಅವ್ವ ಒಲೆಯ ಮೇಲೆ ಚಹಾ ಇಡುತ್ತಿದ್ದಳು. ಮ್ಯೂಸಿಯಮ್ಮಿನ ಅಂಗಳದಲ್ಲಿ ಸಣ್ಣ ನ್ಯಾರೋ ಗೇಜ್ ಎಂಜಿನ್ ನಿಂತಿದೆ. ಮಕ್ಕಳು ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಅದರ ಬೋಲ್ಟುಗಳನ್ನು ನೋಡುತ್ತಾ ನಿಂತೆ. ಅಪ್ಪನ ಉಗುರಿನ ಸಂದಿಯಲ್ಲಿ ಯಾವಾಗಲೂ ಇರುತ್ತಿದ್ದ ಕರಿ ಗ್ರೀಸ್ ನೆನಪಾಯಿತು. ದೀಪಾವಳಿಯ ಎಣ್ಣೆಸ್ನಾನಕ್ಕೂ ಅದು ಹೋಗುತ್ತಿರಲಿಲ್ಲ.

ಅಲ್ಲಿಂದ ಸ್ಟೇಶನ್ನಿಗೆ ಹೋಗಿ ಹತ್ತು ರೂಪಾಯಿ ಕೊಟ್ಟು ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡೆ. ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಲ್ಲೇ ಉದ್ದದ್ದು. 2023ರ ಮಾರ್ಚ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು. ಅದಕ್ಕೂ ಮೊದಲು ಗೋರಖಪುರದ್ದು ಮುಂದಿತ್ತು. ಈ ತುದಿಯಿಂದ ಆ ತುದಿಗೆ ನಡೆದು ನೋಡಬೇಕು ಅಂತ ಅವತ್ತಿನಿಂದ ಆಸೆ ಇತ್ತು. ನಡೆದೆ. ಹೋಗಲು ಇಪ್ಪತ್ತು ನಿಮಿಷ. ಅರ್ಧ ದಾರಿಯ ಮೇಲೆ ಚಹಾದವರಿಲ್ಲ, ಹಮಾಲರಿಲ್ಲ, ಘೋಷಣೆ ಕೂಡ ದೂರದಿಂದ ಬಂದ ಹಾಗೆ. ಬರೀ ಹಳಿ, ಆಕಾಶ, ಖಾಲಿ ಬೆಂಚು. ಹುಬ್ಬಳ್ಳಿಯ ನಡುವೆ ಇಷ್ಟು ಖಾಲಿ ಜಾಗ ಇದೆ ಅಂತ ಗೊತ್ತಿರಲಿಲ್ಲ. ಹೊರಗಿನ ರಸ್ತೆಯಲ್ಲಿ ಫುಟ್‌ಪಾತ್ ಹುಡುಕುವುದರಲ್ಲೇ ಜೀವ ಸಾಕಾಗಿತ್ತು. ಇಲ್ಲಿ ಒಂದೂವರೆ ಕಿಲೋಮೀಟರ್ ಫುಟ್‌ಪಾತ್, ಮೇಲೆ ಒಂದು ಬೈಕ್ ಇಲ್ಲ.

ಒಂದು ಬೆಂಚಿನ ಮೇಲೆ ಕೂತೆ. ಅಲ್ಲಿ ಕೂತಾಗಲೇ ಒಂದು ಹೊಳೆಯಿತು. ಹೆಂಗಸೊಬ್ಬಳು ಒಬ್ಬಳೇ ಗಂಟೆಗಟ್ಟಲೆ ಏನೂ ಮಾಡದೆ ಕೂತರೂ ಯಾರೂ ವಿಚಿತ್ರವಾಗಿ ನೋಡದ ಜಾಗ ಈ ಊರಲ್ಲಿ ರೈಲ್ವೆ ಪ್ಲಾಟ್‌ಫಾರ್ಮ್ ಒಂದೇ. ಯಾಕೆಂದರೆ ಅವಳು ಗಾಡಿ ಕಾಯುತ್ತಿದ್ದಾಳೆ ಅಂತ ಎಲ್ಲರೂ ತಿಳಿದುಕೊಂಡಿರುತ್ತಾರೆ. ಹತ್ತು ರೂಪಾಯಿಗೆ ಎರಡು ತಾಸಿನ ಕಾರಣ ಸಿಗುತ್ತದೆ. ಸ್ವಲ್ಪ ಹೊತ್ತಿಗೆ ಗಂಟು ಹೊತ್ತ ಒಬ್ಬ ಅಜ್ಜಿ ಬಂದು ಪಕ್ಕಕ್ಕೆ ಕೂತಳು. "ಯಾವ ಗಾಡಿ ಯವ್ವಾ?" ಬಾಯಿಗೆ ಬಂದದ್ದು ಹೇಳಿದೆ. "ಕುಂದಗೋಳಕ್ಕ."

ಕುಂದಗೋಳ ಯಾಕೆ ಬಂತು ಅಂತ ಆಮೇಲೆ ಗೊತ್ತಾಯಿತು. ಗಂಗೂಬಾಯಿ ಹಾನಗಲ್ ಸವಾಯಿ ಗಂಧರ್ವರ ಹತ್ತಿರ ಹಾಡು ಕಲಿಯಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗುತ್ತಿದ್ದರು. ಆಗ ಮೀಟರ್ ಗೇಜ್. ತಾವು ಬೀದಿಯಲ್ಲಿ ಹೋಗುವಾಗ ಜನ "ಗಾನೇವಾಲಿ" ಅಂತ ಹಂಗಿಸುತ್ತಿದ್ದರು ಎಂದು ಅವರೇ ಹೇಳಿಕೊಂಡಿದ್ದಾರೆ. ಅಂದರೆ ಕೆಲಸ ಇದ್ದು ಹೊರಟವರನ್ನೂ, ಅದೂ ಅಂಥ ಕೆಲಸಕ್ಕೆ ಹೊರಟವರನ್ನೂ, ಬೀದಿ ಸುಮ್ಮನೆ ಬಿಟ್ಟಿರಲಿಲ್ಲ. ನನಗೆ ಯಾರೂ ಏನೂ ಅಂದಿರಲಿಲ್ಲ. ಶುಗರ್ ಎಷ್ಟು ಅಂತ ಪ್ರೀತಿಯಿಂದ ಕೇಳಿದ್ದರು, ಅಷ್ಟೇ. ಆ ಲೆಕ್ಕದಲ್ಲಿ ನನ್ನದು ದೊಡ್ಡ ಕಷ್ಟವೇನಲ್ಲ. ಆದರೂ ಕೊರೆಯುವುದು ಕೊರೆಯುತ್ತಲೇ ಇತ್ತು. ಅಜ್ಜಿ ಗಂಟಿನಿಂದ ಚುರಮುರಿ ತೆಗೆದು ಒಂದು ಮುಷ್ಟಿ ನನಗೂ ಕೊಟ್ಟಳು. ನಾನು ಫೇಡೆ ಕೊಟ್ಟೆ. ಅವಳ ಗಾಡಿ ಬಂತು.

ಜವಳಿ ಸಾಲು

ಈಗ ಅವ್ವನ ವಿಷಯ ಹೇಳಬೇಕು. ನಾನು ಆಗ ಐದನೆಯ ತರಗತಿ. ದಸರೆಗೆ ಮೊದಲು ಅಪ್ಪನಿಗೆ ಬೋನಸ್ ಬಂದಿತ್ತು. ಅವ್ವ ನನ್ನನ್ನು ಕರೆದುಕೊಂಡು ಜವಳಿ ಸಾಲಿಗೆ ಹೋದಳು. ಆಗಿನ ಅಂಗಡಿ ಅಂದರೆ ಚಪ್ಪಲಿ ಹೊರಗೆ ಬಿಟ್ಟು ಬಿಳಿ ಗಾದಿಯ ಮೇಲೆ ಕಾಲು ಮಡಚಿ ಕೂಡುವುದು. ಅಂಗಡಿಯವರು ನೀರು ಕೊಟ್ಟರು. "ಏನ್ ತೋರಿಸ್ಲಿ ಅಕ್ಕಾರ?" ಅವ್ವ, "ತೋರಸ್ರಿ, ನೋಡೂಣು" ಅಂದಳು. ಅವರು ಇಲಕಲ್ ಸೀರೆಗಳನ್ನು ಒಂದೊಂದಾಗಿ ಗಾಳಿಯಲ್ಲಿ ಬೀಸಿ ಗಾದಿಯ ಮೇಲೆ ಚೆಲ್ಲತೊಡಗಿದರು. ಗೋಮಿ ದಡಿ, ಗಾಯತ್ರಿ ದಡಿ, ಚಿಕ್ಕಿ ಪರಾಸ್. ಕೆಂಪು ಸೆರಗಿನಲ್ಲಿ ಬಿಳಿ ಗೋಪುರಗಳ ಹಾಗೆ ಎದ್ದ ಟೋಪ್ ತೆನಿ. ಅವ್ವ ಸೆರಗು ತಿರುವಿ ಹಾಕಿ ಹಿಂದಿನ ನೇಯ್ಗೆ ನೋಡುತ್ತಿದ್ದಳು. ಎರಡು ಬೆರಳ ನಡುವೆ ದಡಿ ಹಿಡಿದು ಉಜ್ಜುತ್ತಿದ್ದಳು. "ಆ ಮ್ಯಾಲಿಂದು ತೆಗೀರಿ. ಅದರ ಬಾಜೂದ್ದು." ನಾನು ಎಣಿಸಿದೆ. ಮೂವತ್ತೆರಡು ಸೀರೆ. ಗಾದಿ ಕಾಣದ ಹಾಗೆ ಬಣ್ಣ.

ಕೊನೆಗೆ ಅವ್ವ ಒಂದು ಗುಳೇದಗುಡ್ಡದ ಖಣ ತಗೊಂಡಳು. ಒಂದು ಕುಬಸಕ್ಕೆ ಆಗುವಷ್ಟು. "ಸೀರಿಗೆ ಮುಂದಿನ ವಾರ ಬರ್ತೀವ್ರಿ" ಅಂದಳು. ಬರುವುದಿಲ್ಲ ಅಂತ ನನಗೆ ಗೊತ್ತಿತ್ತು, ಬೋನಸ್ ಹಣ ಮನೆಯ ಹೆಂಚಿಗೆ ಹೋಗುವುದಿತ್ತು. ಅಂಗಡಿಯವರಿಗೂ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ. ಅವರು ಮುಖ ಕೆಡಿಸಲಿಲ್ಲ. "ಬರ್ರಿ ಅಕ್ಕಾರ" ಅಂದು ಸೀರೆ ಮಡಚಲು ಕೂತರು. ನನಗೆ ನೆಲದೊಳಗೆ ಹೋಗುವಷ್ಟು ನಾಚಿಕೆ. ದುರ್ಗದ ಬೈಲಿನವರೆಗೆ ಅವ್ವನ ಜೊತೆ ಮಾತಾಡಲಿಲ್ಲ. ಅವಳು ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ. ರಾತ್ರಿ ಚಿಗವ್ವ ಬಂದಾಗ ಅವ್ವ ಒಂದೊಂದು ಸೀರೆಯನ್ನೂ ವಿವರಿಸಿದಳು. ಯಾವುದರ ಒಡಲು ಯಾವ ಬಣ್ಣ, ಯಾವ ದಡಿ ಎಷ್ಟು ಅಗಲ, ಯಾವುದರ ಸೆರಗಿನ ಕೊಂಡಿ ಸರಿಯಾಗಿ ಕೂತಿರಲಿಲ್ಲ. ಚಿಗವ್ವ ಕಣ್ಣರಳಿಸಿ ಕೇಳಿದಳು. ದಿಲ್ಲಿಯ ಮ್ಯೂಸಿಯಮ್ಮಿನಿಂದ ಹೊರಬಂದು ಅರ್ಧ ತಾಸಿನಲ್ಲಿ ಏನೇನು ನೋಡಿದೆ ಅಂತ ಮರೆತವಳು ನಾನು. ಅವ್ವನಿಗೆ ಮೂವತ್ತೆರಡೂ ನೆನಪಿದ್ದವು.

ಅವತ್ತು ಸಂಜೆ ಜವಳಿ ಸಾಲಿಗೆ ಹೋದದ್ದು ಅದಕ್ಕೇ. ಗಾದಿಯ ಅಂಗಡಿಗಳು ಕಡಿಮೆಯಾಗಿವೆ. ನಾನು ಹೋದ ಕಡೆ ಗಾಜಿನ ಕೌಂಟರ್ ಇತ್ತು. ಆ ಕಡೆ ಇಪ್ಪತ್ತರ ಹುಡುಗಿ. "ಬರ್ರಿ ಆಂಟಿ. ಏನ್ ಬೇಕಾಗಿತ್ರಿ? ಬಜೆಟ್ ಎಷ್ಟರಿ?" ಇಡೀ ದಿನದ ಧೈರ್ಯ ಒಟ್ಟು ಮಾಡಿ ಹೇಳಿದೆ. "ಏನೂ ಬ್ಯಾಡವಾ. ಇಲಕಲ್ ಸೀರಿ ಸುಮ್ನ ನೋಡಾಕ ಬಂದೇನಿ." ಅವಳು ಹಿಂದೆ ತಿರುಗಿ ಮಾಲಕರ ಮುಖ ನೋಡಿದಳು. ಅವರು ಮೊಬೈಲಿನಿಂದ ತಲೆ ಎತ್ತದೆ, "ತೋರಿಸವಾ, ನೋಡ್ಲಿ" ಅಂದರು.

ಅವಳು ಬೇಸರ ಮಾಡಿಕೊಳ್ಳಲಿಲ್ಲ. ಚೆನ್ನಾಗಿಯೇ ತೋರಿಸಿದಳು. ಒಂದು, ಎರಡು, ಮೂರು. ನಾಲ್ಕನೆಯದು ಮೆಂತೆ ಬಣ್ಣದ ಒಡಲು, ಕೆಂಪು ದಡಿ, ಒಳ್ಳೆಯ ತೆನಿ. ಅವ್ವನಿದ್ದರೆ ಸೆರಗು ತಿರುವಿ ಹಾಕುತ್ತಿದ್ದಳು. ನಾನು ಮುಟ್ಟಿ ಕೈ ಹಿಂದೆ ತಗೊಂಡೆ. ಐದನೆಯದನ್ನು ಅವಳು ಬಿಚ್ಚುವಾಗ ನನ್ನ ಕಿವಿ ಬಿಸಿಯಾಗಿತ್ತು. ಇವಳು ಇದನ್ನೆಲ್ಲ ಮತ್ತೆ ಮಡಚಬೇಕು, ನಿಂತು ಕಾಲು ನೋಯುತ್ತಿರಬಹುದು, ಹಿಂದೆ ಬೇರೆ ಗಿರಾಕಿ ಬಂದರು. "ಸಾಕವಾ, ಸಾಕು" ಅಂದೆ. ಬಾಯಿ ತಾನೇ ಮುಂದುವರಿಸಿತು. "ಒಂದ್ ಖಣಾ ಕೊಡು."

ಇನ್ನೂರು ರೂಪಾಯಿ. ನಾನು ಸೀರೆ ಉಡುವುದೇ ವರ್ಷಕ್ಕೆ ಆರು ಸಲ. ಅವ್ವ ಖಣ ತಗೊಂಡದ್ದು ಬೇಕಾಗಿತ್ತು ಅಂತ. ಮೂವತ್ತೆರಡು ಸೀರೆ ನೋಡಿದ್ದಕ್ಕೆ ಅವಳು ಯಾರಿಗೂ ಏನೂ ಕೊಡಬೇಕಾಗಿರಲಿಲ್ಲ. ಹಾಗಂತ ಅವಳು ತಿಳಿದಿದ್ದಳು. ನನಗೆ ಸಂಬಳ ಇದೆ, ಎಟಿಎಂ ಕಾರ್ಡ್ ಇದೆ, ಐದು ಸೀರೆ ನೋಡುವ ಎದೆಗಾರಿಕೆ ಇಲ್ಲ.

ಗ್ಲಾಸ್ ಹೌಸ್ ಉದ್ಯಾನ ಮುಟ್ಟುವಾಗ ಬೆಳಕು ಇಳಿಯುತ್ತಿತ್ತು. ಹುಬ್ಬಳ್ಳಿಯಲ್ಲಿ ಕೊನೆಗೂ ಒಂದೆರಡು ಹನಿ ಬಿದ್ದವು. ದಾರಿಯಲ್ಲಿ ಕಟ್ಟಿಸಿಕೊಂಡಿದ್ದ ಗಿರ್ಮಿಟ್, ಮಿರ್ಚಿ ಪೊಟ್ಟಣ ಬಿಚ್ಚಿಕೊಂಡು ಒಂದು ಬೆಂಚಿನಲ್ಲಿ ಕೂತೆ. ಹತ್ತಿರದ ಬೆಂಚಿನಲ್ಲಿ ಇಬ್ಬರು ಹುಡುಗಿಯರು ಒಂದೇ ಇಯರ್‌ಫೋನ್ ಹಂಚಿಕೊಂಡು ಕೂತಿದ್ದರು. ಕೈಯಲ್ಲಿ ಪುಸ್ತಕವಿಲ್ಲ, ಚೀಲವಿಲ್ಲ, ಏನೂ ಇಲ್ಲ. ಸುಮ್ನೆ ಕೂತಿದ್ದರು. ಅವರು ಮನೆಯಲ್ಲಿ ಏನು ಹೇಳಿ ಬಂದಿದ್ದರೋ. ಕೇಳಬೇಕು ಅನ್ನಿಸಿತು. ಬಾಯಿ ಮುಚ್ಚಿಕೊಂಡೆ. ಎಂಟನೆಯವಳು ನಾನಾಗುವುದು ಬೇಡ ಅಂತ.

ಅಷ್ಟರಲ್ಲಿ ಪುಣೆಯಿಂದ ಫೋನ್.

"ಎಲ್ಲಿದ್ದಿ?"

"ಗ್ಲಾಸ್ ಹೌಸ್‌ನ್ಯಾಗ."

"ಅಲ್ಲೇನ್ ಕೆಲಸ ಇತ್ತು?"

ಮಡಿಲಲ್ಲಿದ್ದ ಪ್ಯಾಕೆಟ್ ನೋಡಿದೆ. "ಜವಳಿ ಸಾಲಿಗೆ ಬಂದಿದ್ದೆ. ಖಣಾ ತಗೊಳ್ಳೂದಿತ್ತು."

"ಒಂದ್ ಖಣಕ್ಕ ಇಡೀ ದಿನಾ ರಜಾ ಹಾಕಿದ್ಯಾ?"

"ಬಣ್ಣ ಕೂಡವಲ್ದಾಗಿತ್ತು," ಅಂದೆ.

"ಈಗರ ಕೂಡಿತಾ?"

ಪ್ಯಾಕೆಟ್ಟಿನ ಒಂದು ಅಂಚು ಬಿಚ್ಚಿ ದೀಪದ ಕಡೆ ಹಿಡಿದೆ. ಯಾವ ಸೀರೆಗೆ ಕೂಡಿಸುವುದು ಅಂತ ನಾನಿನ್ನೂ ಯೋಚನೆಯೇ ಮಾಡಿರಲಿಲ್ಲ.